ಮಯಸ್ಥೇನಿಯಾದ ಬದುಕು ಅಳೆಯಲು ನಾಲ್ಕು ಫಾರ್ಮ್: ನಾನು ಉಳಿಸಿಕೊಂಡದ್ದು ಒಂದೇ

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಎಂಜಿ-ಕ್ಯುಒಎಲ್15ಆರ್ (MG-QOL15r), ಅಂದರೆ ಮಯಸ್ಥೇನಿಯಾ ಗ್ರೇವಿಸ್ (ಎಂಜಿ) ಇರುವವರ ಬದುಕಿನ ಗುಣಮಟ್ಟ ಅಳೆಯುವ ಪ್ರಶ್ನಾವಳಿ. ಎರಡು ವರ್ಷದಲ್ಲಿ ನಾಲ್ಕು ಬಗೆಯ ಪ್ರಶ್ನಾವಳಿ ತುಂಬಿ ನೋಡಿದ್ದೇನೆ, ಫೈಲಿನಲ್ಲಿ ಉಳಿದದ್ದು ಇದೊಂದೇ. ಬೇರೆಯವು ಕೆಟ್ಟವು ಅಂತಲ್ಲ, ನನ್ನ ಕಾಯಿಲೆಗೆ ಒಗ್ಗಲಿಲ್ಲ.

ನನಗಿರುವುದು ಮಯಸ್ಥೇನಿಯಾ ಗ್ರೇವಿಸ್. ನರ ಕಳಿಸುವ ಸಂದೇಶವನ್ನು ಸ್ನಾಯು ಹಿಡಿದುಕೊಳ್ಳುವ ಜಾಗದಲ್ಲಿ ನಮ್ಮದೇ ಪ್ರತಿಕಾಯಗಳು ಕೂತು ಅಡ್ಡಿ ಮಾಡುತ್ತವೆ. ಸ್ನಾಯು ಬಳಸಿದಷ್ಟೂ ಸೋಲುತ್ತದೆ, ವಿಶ್ರಾಂತಿ ಕೊಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ. ಧಾರವಾಡದ ಕಡೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮೊದಲ ಪೀರಿಯಡ್‌ನಲ್ಲಿ ಷಟ್ಪದಿಯನ್ನು ಗಟ್ಟಿಯಾಗಿ ಓದುವ ದನಿ ಮೂರನೇ ಪೀರಿಯಡ್ ಹೊತ್ತಿಗೆ ಮೂಗಿನೊಳಗೆ ಸೇರಿಕೊಂಡಿರುತ್ತದೆ. ರಾತ್ರಿ ಜೋಳದ ರೊಟ್ಟಿಯ ಮೊದಲರ್ಧ ಸಲೀಸು. ಉಳಿದರ್ಧಕ್ಕೆ ದವಡೆಯನ್ನು ಕೈಯಿಂದ ಎತ್ತಿ ಹಿಡಿದು ಅಗಿಯಬೇಕು.

ಮೊದಲು ತೋರಿಸುತ್ತಿದ್ದ ಆಸ್ಪತ್ರೆಯಲ್ಲಿ ಪ್ರತಿ ಸಲ ಕೈಗೆ ಕೊಡುತ್ತಿದ್ದದ್ದು ಇಕ್ಯು-5ಡಿ-5ಎಲ್ (EQ-5D-5L) ಎಂಬ ಸಾಮಾನ್ಯ ಆರೋಗ್ಯದ ಪ್ರಶ್ನಾವಳಿ. ಓಡಾಟ, ಸ್ವಂತ ಆರೈಕೆ, ದಿನನಿತ್ಯದ ಕೆಲಸ, ನೋವು, ಆತಂಕ-ಖಿನ್ನತೆ ಹೀಗೆ ಐದೇ ಅಂಶ. ಕೊನೆಗೆ 0ಯಿಂದ 100ರ ಅಳತೆಗೋಲಿನ ಮೇಲೆ ಒಂದು ಗುರುತು. ಎರಡು ನಿಮಿಷದ ಕೆಲಸ. ಆದರೆ ಅದು ಕೇಳುವುದು ‘ಇವತ್ತಿನ’ ಆರೋಗ್ಯವನ್ನು. ನನ್ನ ಎಂಟು ತಿಂಗಳು ಕಳೆದುಹೋದದ್ದು ಆ ಒಂದು ಪದದಲ್ಲಿ.

ಸ್ನಾಯುವಿಗೆ ಸ್ವಲ್ಪ ಹೊತ್ತು ಬಲ ಕೊಡುವ ನನ್ನ ಪಿರಿಡೋಸ್ಟಿಗ್ಮಿನ್ ಮಾತ್ರೆ ನುಂಗಿದ ಅರ್ಧ-ಮುಕ್ಕಾಲು ಗಂಟೆಗೆ ಕೆಲಸ ಶುರು ಮಾಡುತ್ತದೆ, ಮೂರ್ನಾಲ್ಕು ಗಂಟೆ ಅದರ ಬಲ ಇರುತ್ತದೆ. ಆಸ್ಪತ್ರೆಗೆ ಹೋಗುವ ದಿನ ಬಸ್ಸಿನಲ್ಲಿ ತೊಂದರೆಯಾಗದಿರಲಿ ಎಂದು ಬೆಳಿಗ್ಗೆ ಎಂಟೂವರೆಗೆ ಮಾತ್ರೆ ತಗೊಂಡೇ ಹೊರಡುತ್ತಿದ್ದೆ. ಹತ್ತು ಗಂಟೆಗೆ ಫಾರ್ಮ್ ಕೈಗೆ ಬರುವಾಗ ರೆಪ್ಪೆ ನೆಟ್ಟಗೆ, ದನಿ ಸ್ಪಷ್ಟ. ಅಳತೆಗೋಲಿನ ಮೇಲೆ 85ಕ್ಕೆ ಗುರುತು ಹಾಕುತ್ತಿದ್ದೆ. ಸುಳ್ಳೇನಲ್ಲ, ಆ ಹೊತ್ತಿಗೆ ನಾನಿದ್ದದ್ದೇ ಹಾಗೆ. ವೈದ್ಯರು ಅಂಕ ನೋಡಿ ‘ಚೆನ್ನಾಗಿದ್ದೀರಿ, ಇದೇ ಡೋಸ್ ಮುಂದುವರಿಸಿ’ ಎನ್ನುತ್ತಿದ್ದರು. ಹೀಗೆ ಮೂರು ಭೇಟಿ ಮುಗಿದವು. ಸಂಜೆಯ ನನ್ನನ್ನು ಅವರು ಒಮ್ಮೆಯೂ ನೋಡಲಿಲ್ಲ.

ಒಂದು ದಿನ ಅದೇ ಫಾರ್ಮಿನ ಜೆರಾಕ್ಸ್ ಮನೆಗೆ ತಂದು ರಾತ್ರಿ ಎಂಟಕ್ಕೆ ತುಂಬಿದೆ. 40 ಬಂತು. ಬೆಳಿಗ್ಗೆ 85, ರಾತ್ರಿ 40, ದಿನ ಒಂದೇ! ಎರಡೂ ಹಾಳೆ ಪಕ್ಕದಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದೆ. ನನ್ನ ಬಗ್ಗೆ ಯಾರಿಗೂ ಗೊತ್ತಾಗುತ್ತಿಲ್ಲ ಎಂಬ ಸಂಕಟ ಯಾಕಿತ್ತು ಅಂತ ಅವತ್ತು ತಿಳಿಯಿತು. ಅದರ ಮೇಲೆ, ಕಣ್ಣು, ಮಾತು, ನುಂಗುವುದು, ಈ ಮೂರರ ಹೆಸರೂ ಆ ಐದು ಅಂಶಗಳಲ್ಲಿಲ್ಲ. ನನ್ನನ್ನು ಕಾಡದ ನೋವಿಗೆ ಮಾತ್ರ ಒಂದು ಸಾಲು ಇದೆ.

ಆಮೇಲೆ ಸಿಕ್ಕಿದ್ದು ಎಸ್‌ಎಫ್-36. ಕಳೆದ ನಾಲ್ಕು ವಾರದ ಬಗ್ಗೆ ಕೇಳುತ್ತದೆ, ಅದು ಸಮಾಧಾನ. ಯಾವ ಕಾಯಿಲೆಗಾದರೂ ಬಳಸಬಹುದಾದದ್ದು, ಎಂಟು ವಿಭಾಗ. ಆದರೆ ‘ಮಧ್ಯಮ ಶ್ರಮದ ಕೆಲಸ’ಕ್ಕೆ ಮೂಲ ಇಂಗ್ಲಿಷ್ ಫಾರ್ಮ್ ಕೊಡುವ ಉದಾಹರಣೆಗಳಲ್ಲಿ ಗಾಲ್ಫ್ ಇದೆ, ಬೌಲಿಂಗ್ ಇದೆ. ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಹಲಗೆಯ ಮೇಲೆ ಕೈ ಎತ್ತಿ ಬರೆಯುವುದು ಇವೆಲ್ಲ ನಾನೇ ಊಹಿಸಿಕೊಂಡು ತುಂಬಬೇಕು. 36 ಪ್ರಶ್ನೆ ಓದಿ ಮುಗಿಸುವಷ್ಟರಲ್ಲಿ ಸಾಲುಗಳು ಎರಡೆರಡಾಗಿ ಕಾಣತೊಡಗಿ, ಒಂದು ಕಣ್ಣು ಮುಚ್ಚಿಕೊಂಡು ಕೊನೆಯ ಪುಟ ಮುಗಿಸಿದೆ. ಅಂಕ ಲೆಕ್ಕ ಹಾಕುವುದೂ ಬರೀ ಕೂಡಿಸುವ ಕೆಲಸವಲ್ಲ.

ಮೂರನೆಯದು ಎಂಜಿ-ಎಡಿಎಲ್ (MG-ADL), ದಿನನಿತ್ಯದ ಚಟುವಟಿಕೆಗಳ ಪ್ರಶ್ನಾವಳಿ. ಅದರಲ್ಲಿ ಎಂಟೇ ಪ್ರಶ್ನೆ, ಒಟ್ಟು 24 ಅಂಕ, ಮಯಸ್ಥೇನಿಯಾಗೆಂದೇ ಮಾಡಿದ್ದು. ಲಕ್ಷಣ ಅಳೆಯಲು ಬಹಳ ಒಳ್ಳೆಯದು, ಈಗಿನ ವೈದ್ಯೆ ಅದನ್ನು ತಾವೇ ಕೇಳಿ ಬರೆದುಕೊಳ್ಳುತ್ತಾರೆ. ಆದರೆ ಆಗೊಮ್ಮೆ ಈಗೊಮ್ಮೆ ಮಾತು ತೊದಲಿದರೆ ಅಲ್ಲಿ ಸಿಗುವುದು 1. ಆ ಒಂದರೊಳಗೆ ನನ್ನ ಕೆಲಸವೇ ಇದೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಎಂಜಿ-ಕ್ಯುಒಎಲ್15ಆರ್ ಅದನ್ನೇ ಕೇಳುತ್ತದೆ. 2008ರ ಮೂಲ ಪ್ರಶ್ನಾವಳಿಯನ್ನು 2016ರಲ್ಲಿ ತಿದ್ದಿ ಮಾಡಿದ್ದು. ಹದಿನೈದು ಪ್ರಶ್ನೆ, ಒಂದೊಂದಕ್ಕೆ 0, 1 ಇಲ್ಲವೇ 2, ಒಟ್ಟು 30. ಕೆಲಸದಲ್ಲಿ ತೊಡಕಿದೆಯೇ (ಮನೆಗೆಲಸವೂ ಸೇರಿ), ಮನೆಯವರ ಅಗತ್ಯ ಪೂರೈಸಲು ಕಷ್ಟವೇ, ಜನರ ಜೊತೆ ಬೆರೆಯುವುದು ಕಡಿಮೆಯಾಗಿದೆಯೇ, ಕಾಯಿಲೆಯ ಸುತ್ತಲೇ ದಿನದ ಯೋಜನೆ ಹಾಕಬೇಕೇ. ಈ ಕೊನೆಯದನ್ನು ಓದಿದಾಗ ಕಣ್ಣು ತುಂಬಿತು. ಮದುವೆಮನೆಗೆ ಹೋಗಬೇಕೆಂದರೆ ಊಟದ ಹೊತ್ತು ಕೇಳಿಕೊಂಡು, ಅದಕ್ಕೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ನುಂಗುವವಳು ನಾನು. ಅದನ್ನು ಪ್ರಶ್ನೆಯಾಗಿ ಬರೆದವರು ಇದ್ದಾರೆ!

ನನಗೆ ಸಿಕ್ಕ ಪ್ರತಿ ಇಂಗ್ಲಿಷ್‌ನದು, ಮಗಳು ಓದಿ ಹೇಳಿದಂತೆ ಕನ್ನಡ ಮಾಡಿಕೊಂಡೆ. ‘ಓವರ್‌ವೆಲ್ಮ್ಡ್’ ಒಂದೇ ಪದಕ್ಕೆ ಎರಡು ದಿನ ಹಿಡಿಯಿತು. ‘ಮುಳುಗಿಹೋದಂತೆ’ ಹೊಂದಲಿಲ್ಲ, ‘ಸಾಕುಸಾಕಾಗಿದೆ’ ಎಂದು ಬರೆದುಕೊಂಡೆ. ಇಲ್ಲಿ ಅಂಕ ಏರಿದರೆ ಕಷ್ಟ ಏರಿದಂತೆ, ಎಸ್‌ಎಫ್-36ರಲ್ಲಿ ತದ್ವಿರುದ್ಧ. ಹಾಳೆಯ ನೆತ್ತಿಯ ಮೇಲೆ ಬರೆದಿಟ್ಟುಕೊಳ್ಳಿ.

ನನ್ನ ರೂಢಿ ಹೀಗೆ: ತಿಂಗಳ ಕೊನೆಯ ಭಾನುವಾರ ಸಂಜೆ ತುಂಬುತ್ತೇನೆ, ಕೊನೆಯ ಮಾತ್ರೆ ತಗೊಂಡ ಹೊತ್ತನ್ನು ಮೂಲೆಯಲ್ಲಿ ಬರೆಯುತ್ತೇನೆ. ಖರ್ಚು ಒಂದು ಜೆರಾಕ್ಸ್‌ನದು, ಕಣ್ಣು ಸೋಲುವ ಮುನ್ನ ಮುಗಿಯುತ್ತದೆ. ಹೊಸ ವೈದ್ಯೆಗೆ ಮೊದಲ ಸಲ ತೋರಿಸಿದ ಅಂಕ 21. ಮಾತ್ರೆಯ ಹೊತ್ತುಗಳನ್ನು ಶಾಲೆಯ ವೇಳಾಪಟ್ಟಿಗೆ ಸರಿಯಾಗಿ ಅವರು ಜೋಡಿಸಿಕೊಟ್ಟ ಮೇಲೆ 16ಕ್ಕೆ ಬಂದಿದೆ.

ಮಸ್ಕ್ಯುಲರ್ ಡಿಸ್ಟ್ರಫಿಯಂಥ ಸ್ನಾಯುವಿನ ಕಾಯಿಲೆ ಇರುವ ದೊಡ್ಡವರಿಗೆ ನನ್ನ ಈ ಫಾರ್ಮ್ ಹೊಂದುವುದಿಲ್ಲ. ಅವರು ಸ್ನಾಯುವಿನ ಕಾಯಿಲೆಗಳಿಗೆಂದೇ ಮಾಡಿದ ಐಎನ್‌ಕ್ಯುಒಎಲ್ (INQoL) ಪ್ರಶ್ನಾವಳಿ ನೋಡಲಿ. 45 ಪ್ರಶ್ನೆ ಇವೆ, ಎರಡು ಸಲ ಕೂತು ತುಂಬಬೇಕಾದೀತು.