ಬಿಲ್ಲಿನಲ್ಲಿ ‘ಬೀಟೆ ಫಿನಿಶ್’ ಅಂತ ಇದ್ದರೆ ಅಡ್ವಾನ್ಸ್ ಕೊಡಬೇಡಿ

ಮೈಸೂರಿನ ಬೋಗಾದಿ ಕಡೆಯ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ‘ಹಳೇ ಬೀಟೆ ದಿವಾನ’ ಅಂತ ಬಂದ ಮಾಲು ಎರಡೇ ತಿಂಗಳಿಗೆ ಕಾಲಬುಡದಲ್ಲಿ ಹಿಟ್ಟು ಉದುರಿಸತೊಡಗಿತು. ಬಡಗಿ ಬಂದು ಬೋರಲು ಹಾಕಿದ. ಎದುರಿಗೆ ಕಾಣುವ ಪಟ್ಟಿಗಳ ಮೇಲಷ್ಟೇ ಬೀಟೆಯ ವೆನೀರ್, ಅಂದರೆ ಅಂಟಿಸಿದ ತೆಳು ಮರದ ಹಾಳೆ, ಒಳಗಿನ ಅಡ್ಡಪಟ್ಟಿಗಳೆಲ್ಲ ಮಾವು, ಅದರ ತುಂಬ ಕುಟ್ಟೆ. ಕೇಳಲು ಹೋದರೆ ಅಂಗಡಿಯವರು ಬಿಲ್ಲನ್ನೇ ತೋರಿಸಿದರು: ‘ಬೀಟೆ ಫಿನಿಶ್’. ಫಿನಿಶ್ ಅಂದರೆ ಬಣ್ಣ, ಮರವಲ್ಲ. ಸಾಗುವಾನಿ ಫಿನಿಶ್ ಅನ್ನುವುದೂ ಅಷ್ಟೇ. ಬಿಲ್ಲಿನಲ್ಲಿ ಮರದ ಹೆಸರು, ಪೂರ್ತಿ ಮರವೋ ವೆನೀರೋ, ಒಳಚೌಕಟ್ಟು ಯಾವುದರದ್ದು, ಮೂರನ್ನೂ ಬರೆಸಿಕೊಳ್ಳಿ. ಬರೆಯಲು ಒಲ್ಲೆ ಅಂದರೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ನೋಡಬೇಕಾದ್ದು ಪಾಲಿಶ್ ಇಲ್ಲದ ಕಡೆ. ದಿವಾನವನ್ನು ಬೋರಲು ಹಾಕಿಸಿ, ಚಾಕುವಿನ ತುದಿಯಿಂದ ಅಡಿಭಾಗದಲ್ಲಿ ಒಂದು ಗೀರು ಎಳೆಯಿರಿ. ಬೀಟೆಯ ಕೆಚ್ಚು, ಅಂದರೆ ಕಾಂಡದ ನಡುವಿನ ಗಟ್ಟಿ ಮರ, ಒಳಗೂ ನೇರಳೆ ಮಿಶ್ರಿತ ಕಂದು; ಬಣ್ಣ ಹೊಡೆದದ್ದಾದರೆ ಗೀರಿನಡಿ ಬಿಳಿಚು ಮರ ಇಣುಕುತ್ತದೆ. ಪಟ್ಟಿಯ ಅಂಚಿನಲ್ಲಿ ಮಾತ್ರ ಬಿಳಿ ಕಂಡರೆ ಗಾಬರಿ ಬೇಡ, ಕೆಚ್ಚಿನ ಸುತ್ತ ಹೊರಗಿರುವ ಮರ ಬೀಟೆಯಲ್ಲೂ ಬಿಳಿಯೇ. ಹಲಗೆಯ ಮೇಲ್ಮೈಯ ಮರದ ಗೆರೆ ತುದಿಯಲ್ಲೂ ಮುಂದುವರಿಯಬೇಕು. ಅಲ್ಲಿ ಸಣ್ಣ ಪಟ್ಟಿ ಅಂಟಿಸಿ ಮುಚ್ಚಿದ್ದರೆ ವೆನೀರ್ ಎಂದೇ ತಿಳಿಯಿರಿ. ತೂಕವೂ ಹೇಳುತ್ತದೆ: ಒಣಗಿದ ಬೀಟೆ ಘನ ಅಡಿಗೆ ಸುಮಾರು 23-24 ಕೆಜಿ, ತೇಗ 18ರ ಆಸುಪಾಸು. ‘ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒರೆಸಿ, ಬಣ್ಣ ಬಂದರೆ ನಕಲಿ’ ಅನ್ನುವವರ ಮಾತು ಕೇಳಬೇಡಿ. ಹಳೇ ಫ್ರೆಂಚ್ ಪಾಲಿಶ್ ಅರಗಿನದು, ಅಸಲಿ ಮರದ ಮೇಲಿದ್ದರೂ ಸ್ಪಿರಿಟ್‌ಗೆ ಕರಗುತ್ತದೆ.

‘ನೂರು ವರ್ಷದ್ದು’ ಅಂದರೆ ಸ್ಕ್ರೂ ನೋಡಿ. ಸ್ಟಾರ್ ತಲೆಯ ಸ್ಕ್ರೂ ಅಮೆರಿಕದಲ್ಲೇ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಒಂದೆರಡಿದ್ದರೆ ರಿಪೇರಿ ಇರಬಹುದು, ಎಲ್ಲ ಕಡೆ ಅದೇ ಇದ್ದರೆ ಕಥೆ.

ಇನ್‌ಲೇ ಕೆಲಸದ (ಹಲಗೆ ಕೊರೆದು ಬೇರೆ ತುಂಡುಗಳನ್ನು ಕೂರಿಸಿ ಚಿತ್ರ ಮಾಡಿದ) ಟೀಪಾಯಿಯಲ್ಲಿ ಆನೆ, ಹೂಬಳ್ಳಿಯ ಬಿಳಿ ಭಾಗ ಪ್ಲಾಸ್ಟಿಕ್ ಅಂತ ಮೂಗು ಮುರಿಯುವುದು ಬೇಡ. ದಂತ ನಿಷಿದ್ಧವಾದ ಮೇಲೆ ಮೈಸೂರಿನ ಕುಶಲಕರ್ಮಿಗಳೂ ಪ್ಲಾಸ್ಟಿಕನ್ನೇ ಕೂರಿಸುತ್ತಾರೆ. ಮೋಸ ಇರುವುದು ಅಚ್ಚು ಹಾಕಿದ ಚಿತ್ರದಲ್ಲಿ. ಕೊರೆದು ಕೂರಿಸಿದ್ದರಲ್ಲಿ ಒಂದೊಂದು ತುಂಡಿನ ಗೆರೆ ಒಂದೊಂದು ದಿಕ್ಕಿಗಿರುತ್ತದೆ. ಅಚ್ಚಿನದರಲ್ಲಿ ಆನೆಯ ಮೈಮೇಲೂ ಹಲಗೆಯ ಗೆರೆಯೇ ಹಾದುಹೋಗುತ್ತದೆ.

ಇನ್ನು ಕುಟ್ಟೆ. ಒಂದೆರಡು ಮಿಲಿಮೀಟರ್ ತೂತುಗಳು ಇದ್ದ ಮಾತ್ರಕ್ಕೆ ಹುಳು ಇದೆ ಅಂತಲ್ಲ, ಹಳೇ ತೂತಿನ ಅಂಚು ಕಪ್ಪಾಗಿರುತ್ತದೆ. ಅಂಚು ತಿಳಿಯಾಗಿದ್ದು, ಬೆರಳಿಗೆ ಮೈದಾದಂತೆ ನುಣ್ಣಗಿನ ಪುಡಿ ಹತ್ತಿದರೆ ಒಳಗೆ ಜೀವ ಇದೆ. ಅನುಮಾನವಿದ್ದರೆ ಅಡಿಗೆ ಕಪ್ಪು ಕಾಗದ ಹಾಸಿ ಹದಿನೈದು ದಿನ ಬಿಟ್ಟು, ಹೊಸ ಪುಡಿ ಬಿದ್ದಿದೆಯೇ ನೋಡಿ. ಸೀಮೆಎಣ್ಣೆ ಸವರಿದರೆ ಮೇಲ್ಮೈಗಷ್ಟೇ ತಾಗುತ್ತದೆ, ಮರಿಹುಳುಗಳು ಒಳಗೆ ತಿಂಗಳುಗಟ್ಟಲೆ ತಿನ್ನುತ್ತಲೇ ಇರುತ್ತವೆ. ಹುಳು ಕೊಲ್ಲುವ ಬೋರೇಟ್ ದ್ರಾವಣವೂ ಪಾಲಿಶ್ ದಾಟಿ ಮರಕ್ಕೆ ಇಳಿಯದು. ಕೆರೆದು ಬರಿ ಮರಕ್ಕೇ ಹಚ್ಚಬೇಕು. ಈ ಹುಳುವಿಗೆ ಬೇಕಾದದ್ದು ಪಿಷ್ಟ, ಅದು ಕೆಚ್ಚಿನ ಹೊರಗಿನ ಬಿಳಿ ಮರದಲ್ಲಿ ಇರುತ್ತದೆ. ಹಾಗಾಗಿ ಅಸಲಿ ಕೆಚ್ಚಿನ ಬೀಟೆಗಿಂತ ಒಳಗೆ ಅಡಗಿದ ಮಾವು, ರಬ್ಬರ್ ಮರಕ್ಕೆ ಕಾಟ ಹೆಚ್ಚು.

ಮಾಲು ಸರಿಯಿದ್ದರೂ ಮನೆ ಸೇರಬೇಕಲ್ಲ. ಆರು ಜನರ ಲಿಫ್ಟಿನ ಒಳಗು ಸಾಮಾನ್ಯವಾಗಿ 1100 x 1000 ಮಿಮೀ, ಬಾಗಿಲು 700. 34 ಇಂಚು ಆಳ, 32 ಇಂಚು ಎತ್ತರದ ಸೋಫಾ ನಿಲ್ಲಿಸಿದರೂ 813 ಮಿಮೀ ಆಗುತ್ತದೆ, ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಮೆಟ್ಟಿಲ ತಿರುವು ಅಳೆಯದೆ ಹಣ ಕಟ್ಟಿದರೆ ಬಾಲ್ಕನಿಗೆ ಹಗ್ಗ ಕಟ್ಟಿ ಎಳೆಯಬೇಕು, ಅದಕ್ಕೆ ಅಸೋಸಿಯೇಶನ್‌ನವರು ಒಪ್ಪಬೇಕು. ಬಿಚ್ಚಿ ತರುವ ಹಳೇ ಮಂಚವೇ ಮೇಲು. ಬಿಚ್ಚುವ ಮುನ್ನ ಪ್ರತಿ ಜೋಡಣೆಯ ಎರಡೂ ಕಡೆ ಸೀಮೆಸುಣ್ಣದಲ್ಲಿ ಒಂದೇ ನಂಬರ್ ಬರೆಸಿ. ಕೈಕೆಲಸದ ಮಂಚದಲ್ಲಿ ಒಂದು ಕಾಲಿನ ತೂತಿಗೆ ಇನ್ನೊಂದರ ಪಟ್ಟಿ ಕೂರುವುದಿಲ್ಲ.