ಗೇಟ್ ಕ್ಯಾಮೆರಾಗೆ ಯಾವ ಚಾರ್ಜರ್? ಎಲ್ಲ ಬಗೆಯನ್ನೂ ಹಾಕಿ ನೋಡಿದೆ

ಬ್ಯಾಟರಿ ಇರುವ ವೈಫೈ ಕ್ಯಾಮೆರಾ ಜೊತೆ ಸುಮಾರು ಕಂಪನಿಗಳು ಬರೀ ಕೇಬಲ್ ಕೊಡುತ್ತವೆ, ಅಡಾಪ್ಟರ್ ಕೊಡುವುದಿಲ್ಲ. ಮನೆಯಲ್ಲಿರುವ ಯಾವುದನ್ನೋ ಚುಚ್ಚಿಕೊಳ್ಳಿ ಅಂತ. ನಮ್ಮ ಗೇಟಿನ ಕಂಬದ ಮೇಲಿರುವುದು ಟೈಪ್-ಸಿ ಪೋರ್ಟಿನ ಕ್ಯಾಮೆರಾ. ಅದಕ್ಕೆ ಸಿಕ್ಕ ಚಾರ್ಜರ್‌ಗಳನ್ನೆಲ್ಲ ಹಾಕಿ, ನಡುವೆ ಯುಎಸ್‌ಬಿ ಮೀಟರ್ (ಎಷ್ಟು ವೋಲ್ಟ್, ಎಷ್ಟು ಆಂಪ್ ಹೋಗುತ್ತಿದೆ ಅಂತ ತೋರಿಸುವ ಪುಟ್ಟ ಸಾಧನ) ಇಟ್ಟು ನೋಡಿದೆ.

ಮೊದಲು ಲ್ಯಾಪ್‌ಟಾಪಿನ 65 ವ್ಯಾಟ್ ಚಾರ್ಜರ್, ಎರಡೂ ತುದಿ ಟೈಪ್-ಸಿ ಇರುವ ಕೇಬಲ್. ಮೀಟರಿನ ಸ್ಕ್ರೀನೇ ಹೊತ್ತಿಕೊಳ್ಳಲಿಲ್ಲ! ಅದೇ ಕೇಬಲನ್ನು ಫೋನಿಗೆ ಹಾಕಿದರೆ ತಕ್ಷಣ ಚಾರ್ಜ್ ಶುರು. ಅಂದರೆ ಚಾರ್ಜರ್, ಕೇಬಲ್ ಎರಡೂ ಸರಿಯಾಗಿವೆ. ಟೈಪ್-ಸಿ ಚಾರ್ಜರ್ ಸುಮ್ನೆ ಕರೆಂಟ್ ಬಿಡುವುದಿಲ್ಲ, ಆ ಕಡೆ ಒಂದು ಸಾಧನ ಇದೆ ಅಂತ ಗೊತ್ತಾಗಬೇಕು, ಅದಕ್ಕೆ ಸಾಧನದ ಪೋರ್ಟಿನಲ್ಲಿ 5.1 ಕಿಲೋ ಓಮ್‌ನ ಎರಡು ಪುಟ್ಟ ರೆಸಿಸ್ಟರ್ ಇರಬೇಕು. ಕಡಿಮೆ ಬೆಲೆಯ ಎಷ್ಟೋ ಕ್ಯಾಮೆರಾಗಳಲ್ಲಿ ಅದನ್ನೇ ಹಾಕಿರುವುದಿಲ್ಲ. ಬಿಡಿಗಾಸಿನ ಭಾಗ ಉಳಿಸಲು ಹೋಗಿ ಕೊಂಡವರನ್ನು ಪರದಾಡಿಸುವುದು ತಪ್ಪು, ಅಲ್ವಾ? ಕೆಲವದರಲ್ಲಿ ಒಂದೇ ರೆಸಿಸ್ಟರ್ ಇರುತ್ತದೆ, ಅಂಥವು ಪಿನ್ ತಿರುಗಿಸಿ ಹಾಕಿದರೆ ಚಾರ್ಜ್ ಆಗುತ್ತವೆ. ನಮ್ಮದು ಹಾಗೂ ಆಗಲಿಲ್ಲ. ಪೆನ್‌ಡ್ರೈವ್ ಹಾಕಲು ಬಳಸುವ ಓಟಿಜಿ ಪಿನ್ನನ್ನು ಚಾರ್ಜರಿಗೆ ಸಿಕ್ಕಿಸಿ, ಅದಕ್ಕೆ ಎ-ಯಿಂದ-ಸಿ ಕೇಬಲ್ (ಒಂದು ತುದಿ ಅಗಲದ ಹಳೇ ಯುಎಸ್‌ಬಿ, ಇನ್ನೊಂದು ಟೈಪ್-ಸಿ) ಹಾಕಿದಾಗ ಅದೇ 65 ವ್ಯಾಟ್ ಚಾರ್ಜರ್ ಕೆಲಸ ಮಾಡಿತು, ಯಾಕೆಂದರೆ ಚಾರ್ಜರ್ ಹುಡುಕುವ ಆ ರೆಸಿಸ್ಟರ್ ಓಟಿಜಿ ಪಿನ್ನಿನಲ್ಲೇ ಇರುತ್ತದೆ.

ಆಮೇಲೆ ಅಗಲ ಪೋರ್ಟಿನ 33 ವ್ಯಾಟ್ ಫೋನ್ ಚಾರ್ಜರ್. ಫಾಸ್ಟ್ ಚಾರ್ಜರ್ ಹಾಕಿದರೆ ಕ್ಯಾಮೆರಾ ಸುಟ್ಟುಹೋಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ. ಸರಿಯಾದ ಚಾರ್ಜರ್ ಮೊದಲು 5 ವೋಲ್ಟ್ ಮಾತ್ರ ಕೊಡುತ್ತದೆ, ಸಾಧನ ಕೇಳಿದರಷ್ಟೇ 9 ವೋಲ್ಟಿಗೆ ಏರುತ್ತದೆ. ಕ್ಯಾಮೆರಾ ಕೇಳುವುದೇ ಇಲ್ಲ. ಮೀಟರಿನಲ್ಲಿ 5.1 ವೋಲ್ಟ್, ಹತ್ತಿರ ಹತ್ತಿರ 1 ಆಂಪ್. ಹೆದರಬೇಕಾದ್ದು ವೈರ್ ಇರುವ ಸಿಸಿಟಿವಿಯ 12 ವೋಲ್ಟ್ ಅಡಾಪ್ಟರಿಗೆ. ಅದರ ಉರುಟು ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ಟೈಪ್-ಸಿ ಮಾಡಿಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ, ಅದು ಯಾರನ್ನೂ ಕೇಳದೆ ನೇರ 12 ವೋಲ್ಟ್ ನುಗ್ಗಿಸುತ್ತದೆ.

ನನ್ನ ಮಟ್ಟಿಗೆ ಗೆದ್ದಿದ್ದು ಡ್ರಾಯರಿನಲ್ಲಿ ಬಿದ್ದಿದ್ದ ಹಳೇ 5 ವೋಲ್ಟ್ 2 ಆಂಪ್ ಚಾರ್ಜರ್. 33 ವ್ಯಾಟಿನದು ಎಷ್ಟು ಕೊಟ್ಟಿತೋ ಇದೂ ಅಷ್ಟೇ ಕೊಟ್ಟಿತು, ಯಾಕೆಂದರೆ ಎಷ್ಟು ಎಳೆಯಬೇಕು ಅನ್ನುವುದು ಕ್ಯಾಮೆರಾದ ಕೈಯಲ್ಲಿದೆ. 5200 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್ ಅವರ್. 1 ಆಂಪ್ (ಅಂದರೆ 5 ವ್ಯಾಟ್) ಹರಿದರೆ, ನಡುವಿನ ನಷ್ಟವೂ ಸೇರಿ ಐದು ಗಂಟೆ ಹತ್ತಿರ ಬೇಕು. ಟಿವಿಯ ಹಿಂದಿನ ಯುಎಸ್‌ಬಿ ಪೋರ್ಟಿನಲ್ಲಿ ಅರ್ಧ ಆಂಪ್ ಬಂದರೆ ರಾತ್ರಿಯಿಡೀ ಬಿಡಬೇಕು. ಕೇಬಲ್ ಮಾತ್ರ ಗಿಡ್ಡ, ದಪ್ಪ ಇರಲಿ. ಮೂರು ಮೀಟರಿನ ತೆಳು ಕೇಬಲ್ ಹಾಕಿದರೆ ದಾರಿಯಲ್ಲೇ ವೋಲ್ಟೇಜ್ ಬಿದ್ದು ಚಾರ್ಜಿಂಗ್ ಇನ್ನೂ ನಿಧಾನವಾಗುತ್ತದೆ.

ಪವರ್ ಬ್ಯಾಂಕ್ ಕರೆಂಟ್ ಹೋದಾಗ ಅನುಕೂಲ. ಆದರೆ ಬ್ಯಾಟರಿ ತುಂಬುತ್ತಾ ಬಂದಂತೆ ಕ್ಯಾಮೆರಾ ಎಳೆಯುವುದು ಕಡಿಮೆಯಾಗಿ, ಕೆಲಸ ಮುಗೀತು ಅಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಎಷ್ಟೋ ಸಲ ಪೂರ್ತಿ 100 ಆಗುವುದೇ ಇಲ್ಲ. ಸಣ್ಣ ಸೋಲಾರ್ ಪ್ಯಾನೆಲ್ ಬೇಸಿಗೆಯಲ್ಲಿ ಚೆನ್ನಾಗಿದೆ, ಮಲೆನಾಡಿನ ಜುಲೈ ಮಳೆಯಲ್ಲಿ ಅದನ್ನೇ ನಂಬಿ ಕೂರಬೇಡಿ.

ಎ-ಯಿಂದ-ಸಿ ಕೇಬಲ್, 5 ವೋಲ್ಟ್ ಚಾರ್ಜರ್ ಹಾಕಿದ ಮೇಲೂ, ಬ್ಯಾಟರಿ ಖಾಲಿ ಇದ್ದಾಗ ಮೀಟರ್ 0.00 ಆಂಪ್ ತೋರಿಸುತ್ತಿದ್ದರೆ ಇನ್ನೊಂದು ಚಾರ್ಜರ್ ಕೊಳ್ಳಲು ಹೋಗಬೇಡಿ. ಪೋರ್ಟ್ ಅಥವಾ ಬ್ಯಾಟರಿ ಹೋಗಿರುವ ಸಾಧ್ಯತೆಯೇ ಜಾಸ್ತಿ. ಮೀಟರಿನ ವಿಡಿಯೋ ಮಾಡಿಕೊಂಡು, ವಾರಂಟಿ ಮುಗಿಯುವ ಮೊದಲೇ ಸರ್ವಿಸ್ ಸೆಂಟರಿಗೆ ಕೊಡಿ.