ಗುವಾಂಗ್‌ಝೌನಲ್ಲಿ ಓದುವವರೇ, ಹಾಂಗ್‌ಕಾಂಗ್‌ಗೆ ಟಿಕೆಟ್ ಮಾಡುವ ಮುಂಚೆ ವೀಸಾ ಚೀಟಿ ತೆಗೆದು ಓದಿ

ಗುವಾಂಗ್‌ಝೌ ದಕ್ಷಿಣ ನಿಲ್ದಾಣದಿಂದ ಶೆನ್‌ಝೆನ್ ಉತ್ತರಕ್ಕೆ ಅರ್ಧ ಗಂಟೆಯ ಆಸುಪಾಸು. ಅದೇ ಹಳಿಯಲ್ಲಿ ಮುಂದುವರಿದರೆ ಹಾಂಗ್‌ಕಾಂಗ್‌ನ ವೆಸ್ಟ್ ಕೌಲೂನ್, ಒಟ್ಟು ಸುಮಾರು ಒಂದು ಗಂಟೆ. ಎರಡಕ್ಕೂ ಟಿಕೆಟ್ ಸಿಗುವುದು ಚೀನಾ ರೈಲ್ವೆಯ 12306 ಆ್ಯಪ್‌ನಲ್ಲೇ. ಹತ್ತುವಾಗ ಪಾಸ್‌ಪೋರ್ಟ್ ನೋಡುತ್ತಾರೆ, ಟಿಕೆಟ್ಟಿನ ಹೆಸರು ಹೊಂದಿದರೆ ಸಾಕು, ವೀಸಾ ಪುಟವನ್ನು ಸಾಮಾನ್ಯವಾಗಿ ಯಾರೂ ತಿರುವುವುದಿಲ್ಲ. ಹಾಗಾಗಿ ಬೆಂಗಳೂರಿಂದ ಮೈಸೂರಿಗೆ ಹೋಗಿಬಂದಷ್ಟೇ ಸಲೀಸು ಅನ್ನಿಸಿಬಿಡುತ್ತದೆ. ಎಡವಟ್ಟಾಗುವುದು ಅಲ್ಲೇ.

2018ರ ಸೆಪ್ಟೆಂಬರ್‌ನಲ್ಲಿ ವೆಸ್ಟ್ ಕೌಲೂನ್ ನಿಲ್ದಾಣ ತೆರೆದಾಗಿನಿಂದ ಚೀನಾದ ಇಮಿಗ್ರೇಷನ್ನೂ ಹಾಂಗ್‌ಕಾಂಗ್‌ನ ಇಮಿಗ್ರೇಷನ್ನೂ ಅದೇ ಕಟ್ಟಡದೊಳಗಿವೆ. ಅಂದರೆ ಗಡಿ ನಿಮ್ಮೆದುರು ಬರುವುದು ರೈಲು ಇಳಿದ ಮೇಲೆ. ಚೀನಾದ ಕೌಂಟರ್‌ನಲ್ಲಿ ನಿರ್ಗಮನ ದಾಖಲಾಯಿತೋ, ಸಿಂಗಲ್ ಎಂಟ್ರಿ ವೀಸಾ, ಅಂದರೆ ಒಮ್ಮೆ ಮಾತ್ರ ಒಳಬರಲು ಬಿಡುವ ವೀಸಾ, ಮುಗಿದ ಹಾಗೆ; ಅದರಲ್ಲಿ ಮತ್ತೆ ಚೀನಾಕ್ಕೆ ಬರಲಾಗದು. ಒಂದೇ ದಿನಕ್ಕೆ ಹೋಗಿದ್ದೆ, ಸಂಜೆಯ ರಿಟರ್ನ್ ಟಿಕೆಟ್ ಇದೆ, ಹಾಸ್ಟೆಲ್‌ನಲ್ಲಿ ಸಾಮಾನಿದೆ, ಸೋಮವಾರ ಪರೀಕ್ಷೆಯಿದೆ ಎಂದರೆ ಯಾರೂ ಕೇಳುವುದಿಲ್ಲ. ಹಾಂಗ್‌ಕಾಂಗ್, ಮಕಾವ್ ಎರಡೂ ಚೀನಾದವೇ ಆದರೂ ವೀಸಾ ಲೆಕ್ಕದಲ್ಲಿ ಹೊರದೇಶ.

ಸಿಕ್ಕಿಬೀಳುವವರು ಮೂರು ಬಗೆ. ಮೊದಲನೆಯವರು ಎಕ್ಸ್2 ವೀಸಾದವರು, ಅಂದರೆ 180 ದಿನದೊಳಗಿನ ಭಾಷಾ ಕೋರ್ಸ್ ಅಥವಾ ಒಂದು ಸೆಮಿಸ್ಟರ್‌ನ ಎಕ್ಸ್‌ಚೇಂಜ್‌ಗೆ ಬಂದವರು. ಇವರದು ಹೆಚ್ಚಾಗಿ ಒಂದೇ ಎಂಟ್ರಿ. ಎರಡನೆಯವರು ಎಕ್ಸ್1ನಲ್ಲಿ, ಅಂದರೆ 180 ದಿನಕ್ಕಿಂತ ಹೆಚ್ಚಿನ ಓದಿನ ವೀಸಾದಲ್ಲಿ ಬಂದು ಇನ್ನೂ ರೆಸಿಡೆನ್ಸ್ ಪರ್ಮಿಟ್ (ಚೀನಾದಲ್ಲಿ ವಾಸಕ್ಕೆ ಪೊಲೀಸರು ಕೊಡುವ ಅನುಮತಿ) ಮಾಡಿಸದವರು. ಚೀನಾಕ್ಕೆ ಕಾಲಿಟ್ಟ 30 ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹಾಕಬೇಕು, ಅಲ್ಲಿಯವರೆಗೆ ಇರುವುದು ಒಂದೇ ಎಂಟ್ರಿ, ಅದೂ ಒಳಬಂದಾಗಲೇ ಖರ್ಚಾಗಿದೆ. ಮೂರನೆಯವರ ಪಾಸ್‌ಪೋರ್ಟ್ ಪರ್ಮಿಟ್ ಅರ್ಜಿಯ ಜೊತೆ ಪೊಲೀಸ್ ಕಚೇರಿಯಲ್ಲಿರುತ್ತದೆ. ಅರ್ಜಿ ತೀರ್ಮಾನಕ್ಕೆ ಕಾನೂನು 15 ದಿನ ಕೊಟ್ಟಿದೆ. ಆ ಅವಧಿಯ ರಸೀದಿ ಚೀನಾದೊಳಗೆ ಇರುವುದಕ್ಕೆ ಆಧಾರ, ಗಡಿ ದಾಟಲು ಅಲ್ಲ.

ಪಾಸ್‌ಪೋರ್ಟಿನಲ್ಲಿ ಅಂಟಿಸಿರುವ ವೀಸಾ ಚೀಟಿ ಓದುವುದು ಕಷ್ಟವೇನಲ್ಲ. ‘ಎಂಟ್ರೀಸ್’ ಎದುರು 01 ಇದ್ದರೆ ಒಮ್ಮೆ ಒಳಗೆ ಬಂದಾಗಲೇ ಅದು ಖರ್ಚಾಗಿದೆ. 02 ಇದ್ದರೆ ಇನ್ನೊಂದು ಬಾಕಿ, ಎಂ ಇದ್ದರೆ ಹಲವು ಬಾರಿ. ‘ಎಂಟರ್ ಬಿಫೋರ್’ ಎಂಬುದು ಒಳಬರಲು ಕೊನೆಯ ದಿನಾಂಕ, ಉಳಿಯಲು ಅಲ್ಲ. ಉಳಿಯುವ ದಿನಗಳ ಜಾಗದಲ್ಲಿ 000 ಕಂಡರೆ ಅದು ಪರ್ಮಿಟ್ ಮಾಡಿಸಿಕೊಳ್ಳಲೇಬೇಕಾದ ಎಕ್ಸ್1. ಪರ್ಮಿಟ್ ಕೈಗೆ ಬಂದ ಮೇಲೆ ಅದರ ಅವಧಿಯೊಳಗೆ ಎಷ್ಟು ಸಲ ಬೇಕಾದರೂ ಹೋಗಿಬನ್ನಿ, ಆದರೆ ವಾಪಸು ಬರುವ ದಿನವೂ ಅದು ಜೀವಂತವಿರಬೇಕು.

ಹೊರಗೆ ಉಳಿದರೆ ಮುಂದೇನು? ಹೊಸ ವಿದ್ಯಾರ್ಥಿ ವೀಸಾಕ್ಕೆ ಕಾಲೇಜಿನ ಪ್ರವೇಶ ಪತ್ರ ಬೇಕು, ಎಕ್ಸ್1 ಆದರೆ ಅದರ ಜೊತೆ ಕಾಲೇಜಿನ ಮೂಲಕ ಸಿಗುವ ಜೆಡಬ್ಲ್ಯೂ202 ಅಥವಾ 201 ನಮೂನೆಯೂ ಬೇಕು. ವಾರಾಂತ್ಯದ ಪ್ರವಾಸಕ್ಕೆ ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗುವವರು ಯಾರು? ಶನಿವಾರ ಕಾಲೇಜಿನ ಕಚೇರಿ ಮುಚ್ಚಿರುತ್ತದೆ, ಹಾಂಗ್‌ಕಾಂಗ್ ಹೋಟೆಲ್ ಬಿಲ್ಲು ಬೆಳೆಯುತ್ತದೆ, ಭಾರತೀಯರಿಗೆ ಅಲ್ಲಿ ಒಂದು ಭೇಟಿಗೆ 14 ದಿನವಷ್ಟೇ. 240 ಗಂಟೆಗಳ ವೀಸಾರಹಿತ ಟ್ರಾನ್ಸಿಟ್ ಇದೆಯಲ್ಲ ಎಂದು ಯುರೋಪಿನ ಸಹಪಾಠಿಗಳು ಹೇಳಿದರೆ ನಂಬಬೇಡಿ, ಆ ಪಟ್ಟಿಯಲ್ಲಿ ಭಾರತ ಇಲ್ಲ.

ಪರ್ಮಿಟ್ ಸರಿಯಿದ್ದವರೂ ಹಾಂಗ್‌ಕಾಂಗ್ ಬದಿಯ ಕೌಂಟರ್‌ನಲ್ಲಿ ಸಿಕ್ಕಿಕೊಳ್ಳುತ್ತಾರೆ. 2017ರ ಜನವರಿ 23ರಿಂದ ಭಾರತೀಯರು ಮುಂಚೆಯೇ ಆನ್‌ಲೈನ್‌ನಲ್ಲಿ ಪ್ರೀ-ಅರೈವಲ್ ರಿಜಿಸ್ಟ್ರೇಷನ್ ಮಾಡಿಕೊಳ್ಳಬೇಕು, ರೈಲಿನಲ್ಲಿ ಬಂದರೂ. ಶುಲ್ಕವಿಲ್ಲ, ಫಲಿತಾಂಶ ಸಾಮಾನ್ಯವಾಗಿ ಕೂಡಲೇ ಬರುತ್ತದೆ, ಚೀಟಿಯನ್ನು ಬಿಳಿ ಎ4 ಹಾಳೆಯಲ್ಲಿ ಮುದ್ರಿಸಿ ಒಯ್ಯಬೇಕು. ಆರು ತಿಂಗಳು ನಡೆಯುತ್ತದೆ. ಹಣ ಕೇಳುವ ವೆಬ್‌ಸೈಟ್ ಕಂಡರೆ ಅದು ದಲ್ಲಾಳಿಯದು, ಮುಚ್ಚಿಬಿಡಿ. ಅರ್ಜಿ ಒಪ್ಪದಿದ್ದರೆ ವೀಸಾಕ್ಕೇ ಹಾಕಬೇಕಾಗುತ್ತದೆ, ಆದ್ದರಿಂದ ಟಿಕೆಟ್, ಹೋಟೆಲ್ ಆಮೇಲೆ. ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷ ಎಚ್ಚರ ವಹಿಸಬೇಕು. ಸರ್‌ನೇಮ್ ಜಾಗ ಖಾಲಿಯಿರುವ, ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಸೇರಿಸಿದ ಪಾಸ್‌ಪೋರ್ಟ್‌ಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಕಾಲೇಜಿನ ಗುರುತಿನ ಚೀಟಿಯಲ್ಲಿ ಏನೇ ಇರಲಿ, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ. ಹೆಸರಿನ ಅಕ್ಷರವಾಗಲಿ, ಪಾಸ್‌ಪೋರ್ಟ್ ಸಂಖ್ಯೆಯಾಗಲಿ ತಪ್ಪಿದರೆ ಆ ಚೀಟಿ ಉಪಯೋಗಕ್ಕಿಲ್ಲ, ಹೊಸದಾಗಿ ನೋಂದಾಯಿಸಬೇಕು.

ಮಕಾವ್‌ಗೆ ಈ ನೋಂದಣಿ ಬೇಡ, ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಪ್ರವೇಶ. ಗುವಾಂಗ್‌ಝೌ ದಕ್ಷಿಣದಿಂದ ಝುಹಾಯ್ ರೈಲು ಹಿಡಿದರೆ ಗೊಂಗ್‌ಬೈ ಗಡಿಯ ಪಕ್ಕದಲ್ಲೇ ಇಳಿಸುತ್ತದೆ. ಚೀನಾದ ಎಂಟ್ರಿ ಲೆಕ್ಕ ಮಾತ್ರ ಇಲ್ಲೂ ಅದೇ. ಎರಡೂ ಊರು ನೋಡಬೇಕಿದ್ದು ವೀಸಾದಲ್ಲಿ ಇನ್ನೊಂದೇ ಎಂಟ್ರಿ ಉಳಿದಿದ್ದರೆ ಹಾಂಗ್‌ಕಾಂಗ್‌ನಿಂದ ನೇರವಾಗಿ ಹಾಂಗ್‌ಕಾಂಗ್-ಝುಹಾಯ್-ಮಕಾವ್ ಸೇತುವೆಯ ಬಸ್ಸಿನಲ್ಲಿ ಮಕಾವ್‌ಗೆ ಹೋಗಿ, ಅಲ್ಲಿಂದ ಝುಹಾಯ್ ಮೂಲಕ ಒಳಬನ್ನಿ. ನಡುವೆ ಶೆನ್‌ಝೆನ್‌ಗೆ ಬಂದು ಹೋದರೆ ಆ ಎಂಟ್ರಿ ಅಲ್ಲೇ ಕಳೆದುಹೋಗುತ್ತದೆ.

ಶೆನ್‌ಝೆನ್ ಮಾತ್ರ ನೋಡುವವರಿಗೆ ಈ ತಲೆನೋವಿಲ್ಲ. ನಿಲ್ದಾಣದ ಹೆಸರು ನೋಡಿ ಬುಕ್ ಮಾಡಿ, ಅಷ್ಟೇ: ಬರೀ ‘ಶೆನ್‌ಝೆನ್’ ಎಂದಿರುವುದು ಲುವೊಹು ಗಡಿಯ ಬಳಿ, ‘ಫುಟಿಯನ್’ ನಗರದ ನಡುವೆ ನೆಲದಡಿ, ‘ಉತ್ತರ’ ಎಂಬುದು ಅಲ್ಲಿಂದೆಲ್ಲ ದೂರ.

ಹಾಂಗ್‌ಕಾಂಗ್‌ನಿಂದ ವಾಪಸು ಹೊರಡುವ ದಿನ ವೆಸ್ಟ್ ಕೌಲೂನ್‌ಗೆ ಒಂದು ಗಂಟೆ ಮೊದಲೇ ತಲುಪಿ, ಎರಡೂ ಇಮಿಗ್ರೇಷನ್ ರೈಲು ಹತ್ತುವ ಮುಂಚೆಯೇ ಮುಗಿಯಬೇಕು. ಮೆಟ್ರೊದಲ್ಲಿ ಬರುವವರು ಫುಟಿಯನ್ ಗಡಿ ರಾತ್ರಿ 10.30ಕ್ಕೆ, ಲುವೊಹು 12ಕ್ಕೆ ಮುಚ್ಚುತ್ತದೆ ಎಂಬುದನ್ನು ಲೆಕ್ಕದಲ್ಲಿಡಿ. ಚುಂಗ್‌ಕಿಂಗ್ ಮ್ಯಾನ್ಷನ್ಸ್‌ನ ಭಾರತೀಯ ಅಂಗಡಿಗಳಲ್ಲಿ ಬೇಳೆ, ಮಸಾಲೆ ಪೊಟ್ಟಣ ಕಂಡು ಆಸೆಯಾಗುವುದು ಸಹಜ. ಹಸಿ ತರಕಾರಿ, ಹಣ್ಣು, ಬಿತ್ತುವ ಬೀಜಗಳನ್ನು ಚೀನಾದೊಳಗೆ ಬಿಡುವುದಿಲ್ಲ. ಕರಿಬೇವಿನ ಕಟ್ಟೂ ತೊಟ್ಟಿ ಸೇರಬಹುದು. ಆ ಕಡೆ ಹೋಗುವಾಗ ಇ-ಸಿಗರೇಟ್ ಬೇಡ, 2022ರ ಏಪ್ರಿಲ್ 30ರಿಂದ ಹಾಂಗ್‌ಕಾಂಗ್ ಅದರ ಆಮದು ನಿಷೇಧಿಸಿದೆ.

ಹಿಂದಿರುಗಿ ಹೋಟೆಲ್‌ನಲ್ಲಿ ಉಳಿದರೆ ತಂಗಿದ ವಿಳಾಸದ ಪೊಲೀಸ್ ನೋಂದಣಿ ಅವರೇ ಮಾಡುತ್ತಾರೆ. ಗೆಳೆಯರ ರೂಮು, ಬಾಡಿಗೆ ಮನೆಯಾದರೆ 24 ಗಂಟೆಯೊಳಗೆ ನೀವೇ ಮಾಡಿಸಬೇಕು, ತಪ್ಪಿದರೆ 2,000 ಯುವಾನ್‌ವರೆಗೆ ದಂಡ. ಹೊರದೇಶಕ್ಕೆ ಹೋಗಿಬಂದ ಪರ್ಮಿಟ್‌ದಾರರು ತಮ್ಮ ವಿಳಾಸವನ್ನೇ ಮತ್ತೆ ನೋಂದಾಯಿಸಬೇಕೇ ಎಂಬುದು ಊರಿಂದೂರಿಗೆ ಬದಲಾಗುತ್ತದೆ, ಹೊರಡುವ ಮುಂಚೆ ಕಾಲೇಜಿನ ವಿದೇಶಿ ವಿದ್ಯಾರ್ಥಿ ಕಚೇರಿಯಲ್ಲಿ ಕೇಳಿಟ್ಟುಕೊಳ್ಳಿ.